ಹಾಡಿನ ಕೆಳಗಿನ ಧ್ವನಿ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ನಾನು ಇದುವರೆಗೆ ಬರೆದವಳಲ್ಲ. ಆದ್ದರಿಂದ ಈ ಬರಹದಲ್ಲಿ ಕ್ರಮ ತಪ್ಪಿದ್ದಲ್ಲಿ, ಅಥವಾ ಅವಶ್ಯಕತೆಗಿಂತ ಹೆಚ್ಚು ಹೇಳಿದ್ದಲ್ಲಿ, ದಯವಿಟ್ಟು ಮನ್ನಿಸಬೇಕಾಗಿ ಕೋರುತ್ತೇನೆ. ಹುಬ್ಬಳ್ಳಿಯ ವಿದ್ಯಾನಗರದ ಒಂದು ವಿಡಿಯೋ ಸ್ಟುಡಿಯೋದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದವರು, ಗಿರಾಕಿಗಳೆಲ್ಲ ‘ಮಿಕ್ಸಿಂಗ್ ಅಕ್ಕಾರು’ ಎಂದು ಕರೆಯುತ್ತಿದ್ದವರು, ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ಅಷ್ಟೊಂದು ಮದುವೆಗಳ ಹೆಸರುಗಳನ್ನು ಪರದೆಯ ಮೇಲೆ ತಂದವರು ತಮ್ಮ ಹೆಸರನ್ನು ಒಂದು ಕ್ಯಾಸೆಟ್ಟಿನ ಕೊನೆಗೂ ಹಾಕಗೊಡಲಿಲ್ಲ. ಆ ವಿಷಯದಲ್ಲಿ ಅವರ ಮಾತು ಮೀರಲು ನನಗೆ ಈಗಲೂ ಧೈರ್ಯವಿಲ್ಲ.

ಅವರು ಹೋದ ಕೆಲವು ವಾರಗಳ ನಂತರ ಅವರ ಯಜಮಾನರು ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಗೆ ಬಂದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು. ಬಹಳ ಕಡಿಮೆ ಮಾತಿನ ಮನುಷ್ಯ. ಚಹಾ ಕುಡಿದು, ಕಪ್ಪು ಬಸಿ ಕೆಳಗಿಟ್ಟರು.

“ಫೋಟೋ ರಗಡ ಅದಾವವಾ,” ಎಂದರು ಕೊನೆಗೆ. “ಧ್ವನಿ ಇಲ್ಲ. ಅಕಿ ಧ್ವನಿ ಎಲ್ಲೆರ ಸಿಗತೈತೇನು ನೋಡ. ಆ ತಾಯೀದು ಅಕಿ ಹುಡುಕಿ ಕೊಟ್ಟಿದ್ದಳಲ್ಲಾ, ಹಂಗ.”

ಇಷ್ಟು ಉದ್ದದ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಹೇಳಿದ್ದೇನೋ ಹೇಳಿದೆ, ಎಲ್ಲಿ ನೋಡಬೇಕೆಂಬುದು ನನಗೆ ತಿಳಿದಿರಲಿಲ್ಲ. ಅವರು ಹೇಳಿದ ‘ಆ ತಾಯಿ’ ಯಾರೆಂಬುದನ್ನು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು ಅಕ್ಕಾರು ಎಂಥವರಿದ್ದರು ಎಂಬುದನ್ನು ಸಾಧ್ಯವಾದ ಮಟ್ಟಿಗೆ ತಿಳಿಸುವುದು ನನ್ನ ಕರ್ತವ್ಯ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕನ್ನಡ ಬೆರಳಚ್ಚು ಪರೀಕ್ಷೆ ಪಾಸಾಗಿ, ಸರ್ಕಾರಿ ನೌಕರಿಯ ಆದೇಶ ಬರುವವರೆಗೆ ಇರಲಿ ಎಂದು ಆ ಸ್ಟುಡಿಯೋ ಸೇರಿದ್ದೆ. ಮದುವೆ ವಿಡಿಯೋದ ಆರಂಭದಲ್ಲಿ ಬರುವ ವಧೂವರರ, ತಂದೆತಾಯಿಗಳ, ಕಲ್ಯಾಣ ಮಂಟಪದ ಹೆಸರುಗಳನ್ನು ತಪ್ಪಿಲ್ಲದೆ ಟೈಪ್ ಮಾಡುವುದು ನನ್ನ ಕೆಲಸ. ಮಿಕ್ಸಿಂಗ್ ಎಂದರೆ, ತಿಳಿಯದವರ ಮಾಹಿತಿಗಾಗಿ, ಕ್ಯಾಮೆರಾದವರು ತಂದ ಉದ್ದನೆಯ ಚಿತ್ರೀಕರಣವನ್ನು ಕತ್ತರಿಸಿ, ಜೋಡಿಸಿ, ಮೇಲೆ ಸಿನಿಮಾ ಹಾಡು ಹಾಕಿ, ಮನೆಮಂದಿ ಕುಳಿತು ನೋಡುವಂತೆ ಮಾಡುವುದು. ಅದು ಅಕ್ಕಾರ ಕೆಲಸ. ಎತ್ತರದ ಆಳು, ಬಿಗಿಯಾದ ತುರುಬು, ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್.

ಮೊದಲ ದಿನ ನಾನು ಟೈಪ್ ಮಾಡಿದ ಹೆಸರುಗಳನ್ನು ಅವರು ಪರದೆಯ ಮೇಲೆ ಓದಿದರು. ‘ಸದರಿಯವರ ದ್ವಿತೀಯ ಪುತ್ರಿಯಾದ’ ಎಂದು ನಾನು ಹಾಕಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ತಂಗೀ, ಇದು ಲಗ್ನ. ಬದಲಿ ಆರ್ಡರ್ ಅಲ್ಲ.”

ನನಗೆ ಅಳು ಬಂದಂತಾಯಿತು. ಅವರು ತಮ್ಮ ಡಬ್ಬಿಯಿಂದ ಶೇಂಗಾದ ಹೋಳಿಗೆಯ ಅರ್ಧ ಮುರಿದು ನನ್ನ ಕೈಗಿಟ್ಟು, “ಸಿಟ್ಟಾಗಬ್ಯಾಡ. ‘ಸದರಿ’ ಒಂದ ತಗೀ, ಉಳದದ್ದ ಛಲೋ ಐತಿ,” ಎಂದರು. ಅಂದಿನಿಂದ ಅವರು ನನಗೂ ಅಕ್ಕಾರಾದರು.

ಅವರ ಕೆಲಸದ ರೀತಿ ಬೇರೆಯೇ ಇತ್ತು. ಬೇರೆ ಕಡೆ ಟೇಪನ್ನು ಓಡಿಸಿ ಓಡಿಸಿ ನೋಡಿ, ಚೆಂದ ಕಂಡಲ್ಲಿ ಕತ್ತರಿಸುತ್ತಿದ್ದರು. ಅಕ್ಕಾರು ಮಾತ್ರ ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಇಡೀ ಟೇಪನ್ನು ಅದರ ವೇಗದಲ್ಲೇ ನೋಡುತ್ತಿದ್ದರು. “ಇವರ್ಯಾರ್ರಿ? ಆ ಮೂಲ್ಯಾಗ ಕುಂತಾರಲ್ಲಾ, ಹಸರ ಸೀರಿ?” ಎಂದು ಕೇಳುತ್ತಿದ್ದರು. ಮೂಲೆಯಲ್ಲಿ ಕುಳಿತವರು ವಿಧವೆಯಾದ ಸೋದರತ್ತೆ ಎಂದೋ, ಜಗಳವಾಡಿ ಮಾತು ಬಿಟ್ಟ ದೊಡ್ಡಪ್ಪ ಎಂದೋ ಉತ್ತರ ಬರುತ್ತಿತ್ತು. ಅಂಥವರ ಒಂದಾದರೂ ಮುಖ ಆ ವಿಡಿಯೋದಲ್ಲಿ ಉಳಿದೇ ಉಳಿಯುತ್ತಿತ್ತು. ಉಳಿಸಿದ್ದು ಏಕೆಂದು ಅವರು ಯಾರಿಗೂ ವಿವರಣೆ ನೀಡುತ್ತಿರಲಿಲ್ಲ.

ಆಗ ಪರದೆಯ ಮೇಲೆ ಗುಲಾಬಿ ಎಸಳು ಉದುರಿಸುವುದು, ಮುಖವನ್ನು ಹೃದಯದ ಆಕಾರದಲ್ಲಿ ಕೂಡಿಸುವುದು ಬಹಳ ನಡೆಯುತ್ತಿತ್ತು. ಗಿರಾಕಿ ಬೇಡಿದರೆ ಅಕ್ಕಾರು ಇಲ್ಲವೆನ್ನುತ್ತಿರಲಿಲ್ಲ. ಆದರೆ ಹಿರಿಯರ ಮುಖದ ಮೇಲೆ ಹೂ ಉದುರಿಸಲು ಮಾತ್ರ ಒಪ್ಪುತ್ತಿರಲಿಲ್ಲ. ಒಮ್ಮೆ ಅವರು ರಜೆಯಲ್ಲಿದ್ದಾಗ ಮಾಲೀಕರೇ ಮಿಕ್ಸಿಂಗ್‌ಗೆ ಕುಳಿತು, ವರನ ಅಜ್ಜನನ್ನು ಅಂಡಾಕಾರದ ಕಟ್ಟಿನಲ್ಲಿ ಕೂಡಿಸಿ, ಸುತ್ತಲೂ ಹೂ ಸುರಿಸಿ, ನಿಧಾನವಾಗಿ ಮಸುಕುಗೊಳಿಸಿದ್ದರು. ಮರುವಾರ ಅಜ್ಜ ಖುದ್ದಾಗಿ ಕೋಲೂರಿಕೊಂಡು ಸ್ಟುಡಿಯೋಕ್ಕೆ ಬಂದರು.

“ಯಾರಪಾ ಇದನ್ನ ಮಾಡಿದಾಂವ? ನಾ ಇನ್ನೂ ಜೀವಂತ ಅದೇನಿ. ನಮ್ಮ ಬೀಗತಿ ಟೀವಿಗೆ ಕೈ ಮುಗದಾಳ!”

ಮಾಲೀಕರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕಾರು ಅಜ್ಜನನ್ನು ಕೂಡಿಸಿ, ಚಹಾ ತರಿಸಿ, ಅವರು ಪಂಕ್ತಿಯಲ್ಲಿ ಕುಳಿತು ಎರಡನೆಯ ಸಲ ಬುಂದಿ ಹಾಕಿಸಿಕೊಳ್ಳುತ್ತಿದ್ದ ದೃಶ್ಯವನ್ನು ಆ ಜಾಗಕ್ಕೆ ಸೇರಿಸಿಕೊಟ್ಟರು. ಅಜ್ಜ ಅದನ್ನು ನೋಡಿ, “ಹಾಂ, ಇಂವ ನಾನು,” ಎಂದು ಸಮಾಧಾನದಿಂದ ಎದ್ದು ಹೋದರು.

ಅವರ ಇನ್ನೊಂದು ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ನಮೂದಿಸಬೇಕಾಗಿದೆ. ಮಿಕ್ಸಿಂಗ್ ಮುಗಿದ ಮೇಲೆ ಕ್ಯಾಮೆರಾದ ಮೂಲ ಕ್ಯಾಸೆಟ್ಟನ್ನು ಇನ್ನೊಂದು ಮದುವೆಗೆ ಬಳಸುವುದು ಎಲ್ಲ ಕಡೆಯ ರೂಢಿ. ಹೊಸದು ಬರೆದರೆ ಹಳೆಯದು ಅಳಿಯುತ್ತದೆ. ಅಕ್ಕಾರು ಮೂಲ ಕ್ಯಾಸೆಟ್ಟನ್ನು ತಮ್ಮ ತಗಡಿನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದರು. ಮದುವೆಯಾದ ಹುಡುಗಿಯ ಚೊಚ್ಚಲ ಬಾಣಂತನ ಮುಗಿಯುವವರೆಗೆ ಅದನ್ನು ಹೊರಗೆ ಕೊಡುತ್ತಿರಲಿಲ್ಲ. “ಅಲ್ಲಿತನಕಾ ಮಂದಿ ಸೀರಿ ನೋಡತಾರ, ಬಂಗಾರ ನೋಡತಾರ. ಕೂಸು ಬಂದಮ್ಯಾಲ ಮನುಷ್ಯಾರನ್ನ ಹುಡಕತಾರ,” ಎಂಬುದು ಅವರ ವಾದ. ಅವಧಿ ಮುಗಿದಾಗ ಮನೆಯವರು ಕೇಳಿದರೆ ಕ್ಯಾಸೆಟ್ಟು ಅವರಿಗೆ, ಇಲ್ಲದಿದ್ದರೆ ಸ್ಟುಡಿಯೋಕ್ಕೆ.

“ಅಕ್ಕಾರ, ಇದು ಸ್ಟುಡಿಯೋರಿ, ಬಾಣಂತಿ ಕೋಣಿ ಅಲ್ಲ,” ಎಂದು ಮಾಲೀಕರು ಗೊಣಗುತ್ತಿದ್ದರು.

“ಹೌದಲ್ರಿ. ಅದಕ್ಕ ಸಪ್ಪಳಾ ಮಾಡಬ್ಯಾಡ್ರಿ,” ಎಂದು ಅಕ್ಕಾರು ಕೆಲಸ ಮುಂದುವರಿಸುತ್ತಿದ್ದರು.

ಹೊಸ ಶತಮಾನದ ಆರಂಭದಲ್ಲಿ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಏಸಿಯೂ ಬಂತು. “ನಮ್ಮ ಮನ್ಯಾಗ ಫ್ಯಾನ್ ಕಿರುಗುಟ್ಟತೈತಿ, ಈ ಸಾಹೇಬಗ ಏಸಿ ಬೇಕಂತ!” ಎಂದು ಅಕ್ಕಾರು ನಕ್ಕು, ತಮ್ಮ ಯಜಮಾನರ ಹಳೆಯ ಖಾಕಿ ಸ್ವೆಟರ್ ಹಾಕಿಕೊಂಡು ಕುಳಿತರು. ಆಗ ಕರೆಂಟು ಹೇಳಿ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಡೀ ಮದುವೆಯ ಜೋಡಣೆ ಹಾಗೆ ಅಳಿದುಹೋದ ಮೇಲೆ, ಅವರ ಎಡಗೈಗೆ ಹೊಸ ಅಭ್ಯಾಸ ಬಂತು. ಒಂದು ತುಣುಕು ಜೋಡಿಸಿದರೆ ಎರಡು ಬೆರಳು ತಾವಾಗಿ ಹೋಗಿ ಸೇವ್ ಮಾಡುವ ಎರಡು ಕೀಗಳನ್ನು ಒತ್ತುತ್ತಿದ್ದವು. ಉಣ್ಣುವಾಗಲೂ, ರುಚಿಯಾದ ತುತ್ತು ಇಳಿದ ಮೇಲೆ, ಆ ಬೆರಳುಗಳು ಡಬ್ಬಿಯ ಅಂಚನ್ನು ಒತ್ತುವುದನ್ನು ನಾನು ನೋಡಿದ್ದೇನೆ.

ಆ ಡಬ್ಬಿಯನ್ನು ಅವರ ಯಜಮಾನರೇ ತರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಹೋಗಿ, ಅಕ್ಕಾರ ಅತ್ತೆ ಕಟ್ಟಿಕೊಟ್ಟದ್ದನ್ನು ಲೂನಾದ ಹಿಡಿಕೆಗೆ ತೂಗುಹಾಕಿಕೊಂಡು ಬರುವರು. ಅಕ್ಕಾರು ಪ್ರತಿದಿನವೂ “ನೀವು ಉಂಡ್ರೇನು?” ಎಂದು ಕೇಳುವರು. ಅವರು ತಲೆಯಾಡಿಸುವರು. ಆ ತಲೆಯಾಡಿಸುವಿಕೆ ಕಣ್ಣಿಗೆ ಬೀಳದ ಹೊರತು ಅಕ್ಕಾರು ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

“ನಮ್ಮ ಮನಿಯವರದು ವಿಡಿಯೋ ಅಷ್ಟ ಐತಿ ತಂಗಿ, ಆಡಿಯೋ ಇಲ್ಲ,” ಎಂದು ಅವರೆದುರಿಗೇ ನನಗೆ ಹೇಳುವರು. “ವರ್ಕ್‌ಶಾಪಿನ ಸಪ್ಪಳದಾಗ ಯಾರಿಗೂ ಕೇಳಸೂದಿಲ್ಲಂತ ಮಾತಾಡೂದ ಬಿಟ್ಟಾರ.” ಅವರು ಅದಕ್ಕೂ ತಲೆಯಾಡಿಸಿ ಲೂನಾ ಹತ್ತುವರು.

ಈಗ ಮೇಲೆ ತಿಳಿಸಿದ ತಾಯಿಯ ವಿಷಯ. ಒಂದು ದಿನ ಹಸುಗೂಸನ್ನು ಎತ್ತಿಕೊಂಡ ಒಬ್ಬ ಮಗಳು, ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಆ ತಾಯಿ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದವರು. ಅವರ ಕೂಗು ಬೀದಿಯ ಆ ತುದಿಗೂ ಕೇಳುತ್ತಿತ್ತಂತೆ. ಮಗಳ ಮದುವೆಯ ನಂತರ ಗಂಟಲಿನ ದೊಡ್ಡ ಆಪರೇಷನ್ ಆಗಿ, ಧ್ವನಿ ಪೂರ್ತಿ ಹೋಗಿತ್ತು.

“ಅಕ್ಕಾರ, ಸೀಡಿ ತುಂಬಾ ಹಾಡ ಅದಾವ್ರಿ,” ಎಂದಳು ಮಗಳು. “ನಮ್ಮವ್ವ ಬಾಯಿ ಆಡಸತಾಳ, ಕೇಳಿದ್ರ ಸಿನಿಮಾದಾಕಿ ಹಾಡತಾಳ. ನಾಳೆ ಈ ಕೂಸಿಗೆ ಅಜ್ಜಿ ಧ್ವನಿ ಹೆಂಗಿತ್ತಂತ ನಾ ಏನ ಹೇಳಲಿರಿ?”

ಕಂಪ್ಯೂಟರಿನಲ್ಲಿದ್ದದ್ದೆಲ್ಲ ಎಂದೋ ಅಳಿಸಿ ಹೋಗಿದೆ ಎಂದು ಮಾಲೀಕರು ಹೇಳಿದರು. ಅಕ್ಕಾರು ಟ್ರಂಕಿನ ಬೀಗ ತೆಗೆದರು. ಕ್ಯಾಸೆಟ್ಟು ಅಲ್ಲಿಯೇ ಇತ್ತು. ಅದನ್ನು ಕ್ಯಾಮೆರಾಕ್ಕೆ ಹಾಕಿ, ಕಂಪ್ಯೂಟರಿಗೆ ಇಳಿಸಿಕೊಂಡರು. ಮೊದಮೊದಲು ಎಲ್ಲ ಸರಿ ಇತ್ತು. ಮುಂದೆ ಹೋದಂತೆ ತುಟಿ ಒಂದು ಕಡೆ, ಮಾತು ಒಂದು ಕಡೆ. ತಾಯಿ ಬಾಯಿ ಮುಚ್ಚಿದ ಮೇಲೆ ಧ್ವನಿ ಬರುತ್ತಿತ್ತು. ತನ್ನದೇ ಧ್ವನಿ ಹಾಗೆ ಹಿಂದೆ ಬೀಳುವುದನ್ನು ನೋಡಿ ಆ ತಾಯಿ ಮುಖ ತಿರುಗಿಸಿಕೊಂಡರು.

“ಕಂಪ್ಯೂಟರ್ ಕೆಟ್ಟೈತಿ. ಎಲ್ಲಾ ಅಳಿಸಿ ಹೊಸದಾಗಿ ಹಾಕಸೂಣು,” ಎಂದರು ಮಾಲೀಕರು.

“ಜ್ವರಾ ಬಂದ್ರ ಮನಿ ಕೆಡವತಾರೇನ್ರಿ? ತಡೀರಿ,” ಎಂದು ಅಕ್ಕಾರು ಮತ್ತೆ ಮೊದಲಿಗೆ ಹೋದರು. “ಎಲ್ಲಿತನಕಾ ಸರಿ ಇತ್ತು? ಅದನ್ನ ಮೊದಲ ನೋಡೂಣು.”

ಇದು ಅವರ ಮಾತು. ಯಂತ್ರ ನಿಂತರೂ, ಗಿರಾಕಿ ಜಗಳ ತೆಗೆದರೂ, ಎಲ್ಲಿ ಕೆಟ್ಟಿತು ಎಂದು ಅವರು ಕೇಳುತ್ತಿರಲಿಲ್ಲ. ಎಲ್ಲಿಯವರೆಗೆ ಸರಿ ಇತ್ತು ಎಂದು ಕೇಳುತ್ತಿದ್ದರು. ಆರಂಭದಲ್ಲಿ ಸರಿ ಇದ್ದು ಸ್ವಲ್ಪ ಸ್ವಲ್ಪವೇ ದೂರವಾಗುತ್ತಿರುವುದರಿಂದ, ಇದು ಯಂತ್ರ ಕೆಟ್ಟದ್ದಲ್ಲ ಎಂದರು. “ಇಬ್ಬರು ಕೂಡೇ ಹೊಂಟಾರ, ಒಬ್ಬಾಂವ ಸಣ್ಣ ಹೆಜ್ಜಿ ಹಾಕಾಕತ್ತಾನ.” ಆ ಮದುವೆ ಹಿಡಿದ ಕ್ಯಾಮೆರಾದಲ್ಲಿ ಧ್ವನಿಯ ಗುಣಮಟ್ಟಕ್ಕೆ ಇರುವ ಎರಡು ಅಂಕಿಗಳಲ್ಲಿ ಕೆಳಗಿನದನ್ನು ಇಟ್ಟಿದ್ದರು; ಕಂಪ್ಯೂಟರ್ ಅದನ್ನು ಮೇಲಿನ ಅಂಕಿಯೆಂದು ತಿಳಿದು ಓದುತ್ತಿತ್ತು. ಕ್ಯಾಮೆರಾದ ಒಳಗಿನ ಪಟ್ಟಿಯನ್ನು ತೆರೆದು ನೋಡಿದಾಗ ಅದು ಖಚಿತವಾಯಿತು.

ಇನ್ನು ಉಳಿದ ದಾರಿ ಎರಡು. ಇಳಿಸಿಕೊಂಡ ಧ್ವನಿಯನ್ನು ತುಂಡು ಮಾಡಿ, ಒಂದೊಂದು ತುಂಡನ್ನೂ ತುಟಿಗೆ ಸರಿಯಾಗಿ ಜರುಗಿಸಬಹುದು, ಬೇಗ ಮುಗಿಯುತ್ತದೆ. ಇಲ್ಲವೇ ಕಂಪ್ಯೂಟರಿನ ಅಂಕಿಯನ್ನು ಬದಲಿಸಿ, ಇಡೀ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಇಳಿಸಬೇಕು. ಹೊರಗೆ ಬೇರೆ ಗಿರಾಕಿಗಳು ಕಾಯುತ್ತಿದ್ದರು. “ತುಂಡು ಮಾಡ್ರಿ ಅಕ್ಕಾರ, ಸಾಕು,” ಎಂದರು ಮಾಲೀಕರು.

“ತುಂಡು ಮಾಡಿದ್ರ ಮಾತಿನ ನಡುವಿನ ಉಸುರು ಹೋಗತೈತ್ರಿ,” ಎಂದರು ಅಕ್ಕಾರು. “ಅವರಿಗೆ ಉಸುರೂ ಬೇಕು.”

ಎರಡನೆಯ ದಾರಿಯನ್ನೇ ಹಿಡಿದರು. ಎಲ್ಲರೂ ಕುಳಿತು ಕಾದೆವು. ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತಿನ ದೃಶ್ಯ ಬಂದಾಗ ಪರದೆಯ ಮೇಲಿನ ತಾಯಿ ಕ್ಯಾಮೆರಾದ ಕಡೆ ತಿರುಗಿ, ಇಡೀ ಕೋಣೆ ನಡುಗುವಂತೆ ಕೂಗಿದರು:

“ಏ ತಮ್ಮಾ! ಆ ಲೈಟ್ ಅತ್ತಾಗ ಹಿಡಿಯೋ! ನನ್ನ ಮಗಳ ಕಣ್ಣಾಗ ನೀರ ಬಂದಾವು. ಬೀಗರು ಅಕಿ ಅಳಾಕತ್ತಾಳಂತ ತಿಳಕೊಂಡಾರು!”

ತುಟಿಗೆ ಸರಿಯಾಗಿ ಮಾತು. ಮಾತಿನ ಕೊನೆಗೆ ಒಂದು ಉಸಿರು. ಮಗಳು ನಗುತ್ತ ನಗುತ್ತ ಅಳತೊಡಗಿದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಕುಲುಕಿಸಿ ನಕ್ಕರು. ನಂತರ ಅಕ್ಕಾರ ಭುಜ ತಟ್ಟಿ, ಬೆರಳನ್ನು ಸುತ್ತಿಸಿ ತೋರಿಸಿದರು: ಇನ್ನೊಮ್ಮೆ. ಅಕ್ಕಾರ ಎಡಗೈ ತನ್ನಷ್ಟಕ್ಕೆ ಎರಡು ಕೀಗಳನ್ನು ಒತ್ತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರ ಯಜಮಾನರು ಡಬ್ಬಿ ಹಿಡಿದುಕೊಂಡು ನಿಂತಿದ್ದರು. ಯಾವಾಗ ಬಂದಿದ್ದರೋ ಗೊತ್ತಿಲ್ಲ, ಡಬ್ಬಿ ತಣ್ಣಗಾಗಿತ್ತು. ಹಾಡಿಲ್ಲದ, ಬರೀ ಮದುವೆಯ ಗದ್ದಲವಿರುವ ಒಂದು ಸೀಡಿಯನ್ನು ಮಾಡಿ, ಕ್ಯಾಸೆಟ್ಟಿನ ಸಮೇತ ಆ ಮಗಳಿಗೆ ಕೊಡಲಾಯಿತು.

ತರುವಾಯ ನನಗೆ ಧಾರವಾಡದಲ್ಲಿ ನೌಕರಿಯ ಆದೇಶ ಬಂತು. ಕೆಲ ದಿನಗಳಲ್ಲಿ ಮದುವೆಯೂ ಆಯಿತು. ನನ್ನ ಮದುವೆಯಲ್ಲಿ ಅಕ್ಕಾರು ಊಟದ ಪಂಕ್ತಿಯಲ್ಲಿ ಕೂಡಲೇ ಇಲ್ಲ. ಕ್ಯಾಮೆರಾದ ಹುಡುಗನ ಬೆನ್ನ ಹಿಂದೆಯೇ ತಿರುಗಿದರು. ಮಿಕ್ಸಿಂಗ್ ಅವರದೇ. ನಮ್ಮ ಅತ್ತೆಮನೆಯವರಿಗೆ ಹಾಡು ಬೇಕಿತ್ತು, ಹಾಗೆಯೇ ಮಾಡಿಕೊಟ್ಟರು. ಮಗಳು ಹುಟ್ಟಿ, ಬಾಣಂತನ ಮುಗಿದು ನಾನು ಸಪ್ತಾಪುರಕ್ಕೆ ಹೊರಟ ದಿನ, ಅಕ್ಕಾರು ನನ್ನ ತವರಿಗೆ ಬಂದು, ಕೂಸಿನ ಕುಂಚಿಗೆಯ ಜೊತೆ ಒಂದು ಸಣ್ಣ ಕ್ಯಾಸೆಟ್ಟನ್ನು ನನ್ನ ಉಡಿಯಲ್ಲಿಟ್ಟರು. “ಇನ್ನ ಇದು ನಿಂದು,” ಎಂದರು. ಅದನ್ನು ಹಾಕಿ ನೋಡಲು ನಮ್ಮಲ್ಲಿ ಯಂತ್ರವಿರಲಿಲ್ಲ. ಕುಂಚಿಗೆಯೊಳಗೇ ಸುತ್ತಿ ಕಪಾಟಿನಲ್ಲಿಟ್ಟೆ.

ಕೊನೆಯ ಸಲ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಮಾತು ಬಹಳ ಕ್ಷೀಣವಾಗಿತ್ತು. ಕಚೇರಿಯ ಸುದ್ದಿ ಕೇಳಿದರು. ನಾನು ಬರೆಯುವ ಪತ್ರಗಳಲ್ಲಿ ಈಗಲೂ ‘ಸದರಿ’ ಇದೆಯೇ ಎಂದು ಕೇಳಿದರು. ಇದೆ ಎಂದೆ. ನಕ್ಕರು. ಅವರ ಎಡಗೈಯ ಎರಡು ಬೆರಳು ಹೊದಿಕೆಯನ್ನು ಒತ್ತಿದವು. “ಸೇವ್ ಆತ್ರಿ ಅಕ್ಕಾರ,” ಎಂದು ಹೇಳಿ ನಾನು ಕಿಟಕಿಯ ಕಡೆ ನೋಡುತ್ತ ನಿಂತೆ.

ಯಜಮಾನರು ಬಂದು ಹೋದ ಮೇಲೆ ಮೊದಲು ನನ್ನ ಮದುವೆಯ ಸೀಡಿಯನ್ನು ಹಾಕಿದೆ. ಆದಿಯಿಂದ ಅಂತ್ಯದವರೆಗೆ ಹಾಡು. ಸ್ಟುಡಿಯೋ ಮುಚ್ಚಿತ್ತು, ಟ್ರಂಕು ಯಾರ ಪಾಲಾಯಿತೋ ತಿಳಿಯಲಿಲ್ಲ. ಯಜಮಾನರಿಗೆ ಇಲ್ಲವೆಂದು ಹೇಗೆ ತಿಳಿಸುವುದು ಎಂದು ಕೆಲವು ದಿನ ಚಿಂತಿಸಿದೆ. ಮಗಳ ಹಳೆಯ ಬಟ್ಟೆಗಳನ್ನು ನೆರೆಮನೆಯ ಕೂಸಿಗೆ ಕೊಡಲು ತೆಗೆದಾಗ ಕುಂಚಿಗೆಯೊಳಗೆ ಗಟ್ಟಿಯಾಗಿ ಏನೋ ಕೈಗೆ ತಗುಲಿತು.

ನನ್ನ ಮದುವೆ ಹಿಡಿದ ಕ್ಯಾಮೆರಾದ ಹುಡುಗ ಈಗ ಧಾರವಾಡದಲ್ಲಿಯೇ ಸ್ವಂತ ಅಂಗಡಿ ಇಟ್ಟಿದ್ದಾನೆ. ಕ್ಯಾಸೆಟ್ಟು ಹಿಡಿದುಕೊಂಡು ಅವನ ಹತ್ತಿರ ಓಡಿದೆ. ಅಂಗಡಿಯಲ್ಲಿದ್ದ ಕ್ಯಾಮೆರಾಕ್ಕೆ ಹಾಕಿದರೆ, ಪರದೆಯ ತುಂಬ ಬಣ್ಣದ ಚೌಕಗಳು, ಧ್ವನಿಯ ಬದಲು ಚರಚರ ಸದ್ದು.

“ಟೇಪ್ ಹೋಗೇತ್ರಿ ಮೇಡಮ್. ಬಿಟ್ಟಬಿಡ್ರಿ,” ಎಂದ.

“ಎಲ್ಲಿತನಕಾ ಸರಿ ಬಂತು?” ಎಂದೆ. ಕೇಳಬೇಕೆಂದುಕೊಂಡು ಕೇಳಿದ್ದಲ್ಲ.

ಅವನು ನನ್ನ ಮುಖ ನೋಡಿದ. “ಥೇಟ್ ಅವರಂಗ ಕೇಳಿದ್ರಲ್ರಿ,” ಎಂದು ಮತ್ತೆ ಹಿಂದಕ್ಕೆ ಓಡಿಸಿ ನೋಡಿದ. “ಎಲ್ಲೂ ಸರಿ ಇಲ್ರಿ. ಮೊದಲಿಂದನ ಹಿಂಗ.” ಅಷ್ಟು ಹೇಳುವಾಗಲೇ ಅವನಿಗೆ ಹೊಳೆಯಿತು. ಟೇಪು ಸವೆದಿದ್ದರೆ ಅಲ್ಲಲ್ಲಿ ಕೆಡುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಕೆಟ್ಟಿದ್ದರೆ ತಪ್ಪು ಓದುವವನದು. “ಯಾವ ಕ್ಯಾಮೆರಾ ಬರದೈತಿ, ಅದರಾಗ ಓದಸಬೇಕು ಅಂತಿದ್ರು ಅಕ್ಕಾರು,” ಎಂದು ಎದ್ದು, ಮನೆಗೆ ಹೋಗಿ, ಅಟ್ಟದ ಮೇಲಿನ ತನ್ನ ಹಳೆಯ ಕ್ಯಾಮೆರಾವನ್ನು ತಂದ. ಕ್ಯಾಸೆಟ್ಟನ್ನು ಕೊನೆಯವರೆಗೆ ಸುತ್ತಿ, ಮತ್ತೆ ಮೊದಲಿಗೆ ತಂದು, ಹಾಕಿದ. ನಮ್ಮ ಮಂಟಪದ ಬಾಗಿಲಿನ ತೋರಣ, ಸ್ವಚ್ಛವಾಗಿ, ಗಾಳಿಗೆ ಅಲುಗಾಡಿತು.

ಭಾನುವಾರ ಮಧ್ಯಾಹ್ನ ಯಜಮಾನರನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಊಟವಾದ ಮೇಲೆ, ಆ ಹುಡುಗ ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟದ್ದನ್ನು ಹಾಕಿ, ಕಂಪ್ಯೂಟರಿನ ಮುಂದೆ ಕೂಡಿಸಿದೆ. ಅಕ್ಕಾರು ಪರದೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಕ್ಯಾಮೆರಾದ ಹಿಂದೆ ಇದ್ದವರು ಕಾಣುವುದಾದರೂ ಹೇಗೆ? ಆದರೆ ಕೇಳಿಸುತ್ತಾರೆ. ಅಕ್ಕಿಕಾಳು ಬೀಳುವಾಗ, ಬಹಳ ಹತ್ತಿರದಿಂದ: “ತಮ್ಮಾ, ಹುಡುಗಿ ಅವ್ವನ್ನ ಹಿಡಿ. ಅಲ್ಲೆ ಕಂಬದ ಹಿಂದ ನಿಂತಾರ ನೋಡ, ಅಳಾಕತ್ತಾರ. ದೂರಿಂದ ಹಿಡಿ, ಅವರಿಗೆ ಗೊತ್ತಾಗಬಾರದು.” ಕ್ಯಾಮೆರಾ ನಿಧಾನವಾಗಿ ತಿರುಗಿ, ನನ್ನ ತಾಯಿಯನ್ನು ತೋರಿಸುತ್ತದೆ. ನಾನು ಅದನ್ನು ನೋಡುವುದು ಎರಡನೆಯ ಸಲವಾದರೂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಯಜಮಾನರು ಕೈಗಳನ್ನು ಮೊಣಕಾಲ ಮೇಲಿಟ್ಟು ನೆಟ್ಟಗೆ ಕುಳಿತಿದ್ದರು.

ಮುಂದೆ ಊಟದ ಪಂಕ್ತಿಗಳು. ಎಲೆ, ತಟ್ಟೆ, ಬಡಿಸುವವರ ಕೂಗು. ದೂರದ ಬಾಗಿಲಲ್ಲಿ ಸಣ್ಣದಾಗಿ, ಬಿಳಿ ಅಂಗಿ ಹಾಕಿದ ಯಜಮಾನರೇ ನಿಂತಿದ್ದಾರೆ. ಕ್ಯಾಮೆರಾದ ಹಿಂದಿನಿಂದ ಆ ಗದ್ದಲವನ್ನು ಮೀರಿ ಅಕ್ಕಾರ ಧ್ವನಿ:

“ರೀ... ಇಲ್ಲೇರಿ! ನೀವು ಉಂಡ್ರೇನು?”

ಬಾಗಿಲಲ್ಲಿ ನಿಂತವರಿಗೆ ಕೇಳಿಸಿರಲಿಕ್ಕಿಲ್ಲ. ಅವರು ಆ ಕಡೆ ಯಾರನ್ನೋ ನೋಡುತ್ತಿದ್ದಾರೆ. ಕ್ಯಾಮೆ‌ರಾ ಅಲ್ಲಿಯೇ ಒಂದು ಕ್ಷಣ ನಿಲ್ಲುತ್ತದೆ, ಉತ್ತರಕ್ಕೆ ಕಾಯುವಂತೆ. ಒಂದು ಉಸಿರು ಕೇಳುತ್ತದೆ.

ನನ್ನ ಪಕ್ಕದ ಕುರ್ಚಿಯಿಂದ, ವರ್ಕ್‌ಶಾಪಿನ ಸಪ್ಪಳದ ಆಚೆಗೂ ಕೇಳಿಸಬೇಕೆಂಬಷ್ಟು ಗಟ್ಟಿಯಾಗಿ, ಯಜಮಾನರು ಹೇಳಿದರು:

“ಹೂಂ! ಉಂಡೇನಿ. ಇನ್ನ ನೀ ಉಣ್ಣು.”